ಮೂರು ದೇಶ ಕೂಡುವ ಕಲ್ಲು: ವಾಲ್ಸ್ ಊರಿನ ಡ್ರೀಲಾಂಡನ್‌ಪುಂಟ್‌ಗೆ ಒಬ್ಬ ಭೂಮಾಪಕನ ಅಂಕ

ಐದಕ್ಕೆ ನಾಲ್ಕೂವರೆ. ನೆದರ್ಲ್ಯಾಂಡ್ಸ್, ಬೆಲ್ಜಿಯಂ, ಜರ್ಮನಿ ಕೂಡುವ ಈ ಜಾಗಕ್ಕೆ ನನ್ನ ಅಂಕ ಮೊದಲೇ ಹೇಳಿಬಿಡುತ್ತೇನೆ. ಆದರೆ ಇದು ಕಾರಿನಲ್ಲಿ ಬೆಟ್ಟದ ತುದಿಗೆ ಬಂದು, ಕಲ್ಲಿನ ಪಕ್ಕ ಫೋಟೋ ತೆಗೆಸಿಕೊಂಡು ಅರ್ಧ ಗಂಟೆಯಲ್ಲಿ ಹೊರಡುವವರಿಗೆ ಅಲ್ಲ. ಅವರಿಗೆ ಮೂರು ಅಂಕದಷ್ಟು ಸಂತೋಷ ಸಿಗಬಹುದು, ಅಷ್ಟೇ. ಕೆಳಗಿನ ಊರಿನಿಂದ ನಡೆದು ಹತ್ತಿ, ಕಾಡಿನೊಳಗಿನ ಹಳೇ ಗಡಿಕಲ್ಲುಗಳನ್ನು ಮುಟ್ಟಿ ನೋಡಿ, ಆಮೇಲೆ ಹಳ್ಳದ ಕಡೆಗೆ ಇಳಿದು ಹೋಗುವಷ್ಟು ಬಿಡುವು ಇದ್ದವರಿಗೆ ಈ ನಾಲ್ಕೂವರೆ.

ನಾನು 33 ವರ್ಷ ಸರ್ವೆ ಇಲಾಖೆಯಲ್ಲಿ ಭೂಮಾಪಕನಾಗಿದ್ದೆ. ಹಾಸನ, ತುಮಕೂರು ಕಡೆ ಓಡಾಡಿದ್ದೇ ಜಾಸ್ತಿ. ಹದ್ದುಬಸ್ತಿಗೆ, ಅಂದರೆ ಹೊಲದ ಗಡಿ ಗುರುತಿಸಿಕೊಡಲು, ಅರ್ಜಿ ಬಂದರೆ ಹಳೇ ಟಿಪ್ಪಣಿ, ಗ್ರಾಮ ನಕ್ಷೆ ಹಿಡಿದುಕೊಂಡು ಹೊಲಕ್ಕೆ ಹೋಗುವುದು, ಸರಪಳಿ ಎಳೆಯುವುದು, ಗಡಿಗೆ ನೆಟ್ಟ ಬಾಂದು ಕಲ್ಲು ಹುಡುಕುವುದು. ಕಲ್ಲು ಸಿಕ್ಕರೆ ಅರ್ಧ ಜಗಳ ಮುಗಿದ ಹಾಗೆ. ಸಿಗದಿದ್ದರೆ ಸಂಜೆಯವರೆಗೂ ಎರಡು ಕಡೆಯವರ ಕೂಗಾಟ. ಎಷ್ಟೋ ಸಲ ಆ ಕಲ್ಲು ಯಾರದೋ ಮನೆಯ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಾಗಿ ಸಿಕ್ಕಿದೆ. ಹಾಗಾಗಿ ನೆಟ್ಟ ಜಾಗದಲ್ಲೇ ನಿಂತಿರುವ ಗಡಿಕಲ್ಲು ಕಂಡರೆ ನನಗೆ ಇವತ್ತಿಗೂ ಕೈಮುಗಿಯಬೇಕು ಅನ್ನಿಸುತ್ತದೆ.

ಮಗಳು ಜರ್ಮನಿಯ ಆಖನ್‌ನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಳೆ. ಆದರೆ ರೂಮು ಇರುವುದು ನೆದರ್ಲ್ಯಾಂಡ್ಸ್‌ನಲ್ಲಿ. ಫೋನಿನಲ್ಲಿ ಮೊದಲ ಸಲ ಹೇಳಿದಾಗ ನನಗೆ ಅರ್ಥವೇ ಆಗಲಿಲ್ಲ. "ಅಪ್ಪ, ಆಖನ್‌ನಲ್ಲಿ ರೂಮು ಸಿಗೋದು ಕಷ್ಟ. ಇಲ್ಲಿ ವಾಲ್ಸ್ ಅಂತ ಊರಿದೆ, ಬಸ್ಸಲ್ಲಿ ಸ್ವಲ್ಪ ಹೊತ್ತು ಅಷ್ಟೇ" ಅಂದಳು. ಅವಳ ಹಾಗೆ ಬಹಳ ವಿದ್ಯಾರ್ಥಿಗಳು ವಾಲ್ಸ್‌ನಲ್ಲಿ ಮಲಗಿ ಎದ್ದು, ಆಖನ್‌ಗೆ ಹೋಗಿ ಪಾಠ ಕೇಳಿ ಬರುತ್ತಾರೆ. ಕಳೆದ ಮೇ ತಿಂಗಳಲ್ಲಿ ನಾನೂ ನಮ್ಮ ಮನೆಯವರೂ ಅವಳ ಹತ್ತಿರ ಮೂರು ವಾರ ಇದ್ದೆವು. ಡಚ್ಚರ ಬಾಯಲ್ಲಿ ಈ ಊರಿನ ಹೆಸರು ಹೆಚ್ಚುಕಡಿಮೆ 'ಫಾಲ್ಸ್' ಅಂತ ಕೇಳಿಸುತ್ತದೆ. ನಾನು ನಮ್ಮ ಓದಿನ ಪ್ರಕಾರ ವಾಲ್ಸ್ ಅಂತಲೇ ಬರೆಯುತ್ತೇನೆ.

ಮೊದಲು ಊರಿನ ನೆಲೆ ಹೇಳಬೇಕು. ನೆದರ್ಲ್ಯಾಂಡ್ಸ್ ನಕ್ಷೆ ತೆಗೆದು ನೋಡಿದರೆ ಕೆಳಗೆ ಬಲಗಡೆ ಒಂದು ಬಾಲ ಇಳಿಬಿದ್ದಿದೆ. ಅದು ಲಿಂಬರ್ಗ್ ಪ್ರಾಂತ್ಯ. ಆ ಬಾಲದ ತುದಿಯ ಮೂಲೆಯಲ್ಲಿ ವಾಲ್ಸ್. ವಾಲ್ಸ್, ವೈಲನ್, ಲೆಮೀರ್ಸ್ ಮತ್ತೆ ಒಂದಷ್ಟು ಸಣ್ಣ ಸಣ್ಣ ಹಟ್ಟಿಗಳು ಸೇರಿ ಒಂದು ಪುರಸಭೆ. ಒಟ್ಟು ವಿಸ್ತೀರ್ಣ 24 ಚದರ ಕಿಲೋಮೀಟರ್ ಆಸುಪಾಸು, ಜನಸಂಖ್ಯೆ ಸುಮಾರು 10,000. ನಮ್ಮ ಒಂದು ಹೋಬಳಿಗಿಂತಲೂ ಚಿಕ್ಕದು. ಪೂರ್ವಕ್ಕೆ ಜರ್ಮನಿ, ದಕ್ಷಿಣಕ್ಕೆ ಬೆಲ್ಜಿಯಂ. ನಾಲ್ಕು ದಿಕ್ಕಿಗೆ ಯಾರಿದ್ದಾರೆ ಅಂತ ಚಕ್ಕುಬಂದಿ ಬರೆಯಲು ಕೂತರೆ ಎರಡು ದಿಕ್ಕಿಗೆ ಎರಡು ಬೇರೆ ದೇಶದ ಹೆಸರು ಬರೆಯಬೇಕು.

ನೆದರ್ಲ್ಯಾಂಡ್ಸ್ ಅಂದರೆ ಮಟ್ಟಸ ನೆಲ, ಕಾಲುವೆ, ಗಾಳಿಯಂತ್ರ ಅಂತ ನಾವು ಓದಿದ್ದು. ಆ ದೇಶದ ನಾಲ್ಕನೇ ಒಂದು ಭಾಗ ಸಮುದ್ರಮಟ್ಟಕ್ಕಿಂತ ಕೆಳಗಿದೆ. ಇಲ್ಲಿ ಹಾಗಲ್ಲ. ಮಾಸ್ಟ್ರಿಕ್ಟ್‌ನಿಂದ 350ನೇ ನಂಬರಿನ ಬಸ್ ಹತ್ತಿದರೆ ಮಾರ್ಗ್ರಾಟನ್, ಗುಲ್ಪನ್ ದಾಟಿ ಏರಿಳಿತದ ದಾರಿಯಲ್ಲಿ ಒಂದು ಗಂಟೆ ಆಸುಪಾಸಿನಲ್ಲಿ ವಾಲ್ಸ್‌ಗೆ ತರುತ್ತದೆ. ಅದೇ ಬಸ್ ಮುಂದೆ ಆಖನ್‌ಗೂ ಹೋಗುತ್ತದೆ. ಕಿಟಕಿ ಪಕ್ಕ ಕೂತುಕೊಳ್ಳಿ. ಗುಡ್ಡದ ಮೇಲೆ ಹಸುಗಳು, ಬೇಲಿಗೆ ಬೆಳೆಸಿದ ಗಿಡ, ತೋಟದ ಮರಗಳು. ಮಲೆನಾಡಿನ ಏರು ನೋಡಿದ ಕಣ್ಣಿಗೆ ಇದು ದೊಡ್ಡದಲ್ಲ, ಆದರೆ ಬಹಳ ಮೃದುವಾದ ನೆಲ. ಮಾರ್ಗ್ರಾಟನ್ ಹತ್ತಿರ ಅಮೆರಿಕದ ಸೈನಿಕರ ಸ್ಮಶಾನ ಇದೇ ರಸ್ತೆಯ ಬದಿಗೆ ಬರುತ್ತದೆ. ಎರಡನೇ ಮಹಾಯುದ್ಧದಲ್ಲಿ ಸತ್ತ 8,000ಕ್ಕೂ ಜಾಸ್ತಿ ಜನರ ಗೋರಿಗಳಿವೆ. ನಾವು ವಾಪಸ್ ಬರುವ ದಿನ ಅಲ್ಲಿ ಇಳಿದು ಸುಮ್ಮನೆ ನಿಂತು ಬಂದೆವು.

ಈಗ ಬೆಟ್ಟ. ಡ್ರೀಲಾಂಡನ್‌ಪುಂಟ್ ಅಂದರೆ ಮೂರು ದೇಶ ಕೂಡುವ ಜಾಗ. ವಾಲ್ಸರ್‌ಬೆರ್ಗ್ ಅನ್ನುವ ಬೆಟ್ಟದ ನೆತ್ತಿಯಲ್ಲಿದೆ. ಎತ್ತರ ಸುಮಾರು 322 ಮೀಟರ್. ಯುರೋಪಿನಲ್ಲಿರುವ ನೆದರ್ಲ್ಯಾಂಡ್ಸ್ ನೆಲದಲ್ಲಿ ಇದಕ್ಕಿಂತ ಎತ್ತರದ ಜಾಗ ಇಲ್ಲ. 2010ರಲ್ಲಿ ಕೆರಿಬಿಯನ್ ಸಮುದ್ರದ ಸಾಬಾ ದ್ವೀಪ ನೇರವಾಗಿ ದೇಶದ ಭಾಗವಾದ ಮೇಲೆ ಅಲ್ಲಿನ ಜ್ವಾಲಾಮುಖಿ ಬೆಟ್ಟಕ್ಕೆ ಮೊದಲ ಸ್ಥಾನ ಹೋಯಿತು. ಆದರೂ ಇಲ್ಲಿಗೆ ಬರುವ ಡಚ್ಚರ ಮುಖದಲ್ಲಿ ಆ ಹೆಮ್ಮೆ ಹಾಗೇ ಇದೆ.

ಎತ್ತರದ ವಿಷಯದಲ್ಲಿ ಒಂದು ಮಾತು. ನನಗೆ ಇದು ಬಹಳ ಇಷ್ಟವಾಯಿತು. ಡಚ್ಚರು ಎತ್ತರ ಅಳೆಯುವುದು ಆಮ್‌ಸ್ಟರ್ಡಾಮ್‌ನ ಮಟ್ಟದಿಂದ. ಬೆಲ್ಜಿಯಂನವರು ಅಳೆಯುವುದು ಓಸ್ಟೆಂಡ್‌ನಲ್ಲಿ ಸಮುದ್ರ ಇಳಿದಾಗಿನ ಮಟ್ಟದಿಂದ. ಅವರ ಸೊನ್ನೆ ಇವರ ಸೊನ್ನೆಗಿಂತ ಸುಮಾರು 2.3 ಮೀಟರ್ ಕೆಳಗಿದೆ. ಹಾಗಾಗಿ ಒಂದೇ ಕಲ್ಲು ಬೆಲ್ಜಿಯಂ ಲೆಕ್ಕದಲ್ಲಿ ಒಂದಾಳಿಗಿಂತ ಜಾಸ್ತಿ ಎತ್ತರ! ಯಾರೂ ತಪ್ಪಿಲ್ಲ. ಬೆಂಚ್ ಮಾರ್ಕ್, ಅಂದರೆ ಅಳತೆ ಶುರುಮಾಡುವ ಗುರುತು, ಬೇರೆ, ಅಷ್ಟೇ. ಮಗಳಿಗೆ ಇದನ್ನು ನೆಲದ ಮೇಲೆ ಕಡ್ಡಿಯಲ್ಲಿ ಗೀಚಿ ತೋರಿಸಿದೆ. ಪಕ್ಕದಲ್ಲಿ ನಿಂತಿದ್ದ ಒಬ್ಬ ಹುಡುಗನೂ ಬಗ್ಗಿ ನೋಡಿದ.

ಹತ್ತುವುದು ಹೇಗೆ? ಊರಿನ ಮಧ್ಯದಿಂದ ಹೊರಟು ಬೆಟ್ಟದ ರಸ್ತೆ ಹಿಡಿಯಿರಿ. ನಾವು ಅಲ್ಲಲ್ಲಿ ಕೂತು ಹೋದರೂ ಒಂದು ಗಂಟೆಯಲ್ಲಿ ಮೇಲಿದ್ದೆವು. ರಸ್ತೆಯ ಹೆಸರು ವೀರ್‌ಗ್ರೆನ್ಜನ್‌ವೆಗ್. ಅಂದರೆ ನಾಲ್ಕು ಗಡಿಯ ದಾರಿ. ಮೂರು ದೇಶದ ಕಲ್ಲಿಗೆ ಹೋಗುವ ರಸ್ತೆಗೆ ನಾಲ್ಕು ಗಡಿ ಅಂತ ಯಾಕೆ ಹೆಸರು? ಇಲ್ಲಿಂದಲೇ ಕಥೆ ಶುರು.

ನೆಪೋಲಿಯನ್ ಸೋತ ಮೇಲೆ 1815ರಲ್ಲಿ ವಿಯೆನ್ನಾದಲ್ಲಿ ಯುರೋಪನ್ನು ಪಾಲು ಹಾಕಿದರು. ಈ ಭಾಗದಲ್ಲಿ ಒಂದು ಕಡೆ ನೆದರ್ಲ್ಯಾಂಡ್ಸ್ ರಾಜ, ಇನ್ನೊಂದು ಕಡೆ ಆಗಿನ ಜರ್ಮನ್ ರಾಜ್ಯ ಪ್ರಷ್ಯಾ. ಬೆಟ್ಟದ ದಕ್ಷಿಣಕ್ಕೆ ಕೆಲ್ಮಿಸ್ ಅನ್ನುವ ಜಾಗದಲ್ಲಿ ಸತುವಿನ ಗಣಿ ಇತ್ತು. ಹಿತ್ತಾಳೆ ಮಾಡಲು ಅಲ್ಲಿನ ಅದಿರನ್ನು ನೂರಾರು ವರ್ಷದಿಂದ ಅಗೆಯುತ್ತಿದ್ದರು. ಲಿಯೇಜ್‌ನ ದೋನಿ ಅನ್ನುವವರು ಆಗಷ್ಟೇ ಅದರಿಂದ ಶುದ್ಧ ಸತು ತೆಗೆಯುವ ಹೊಸ ಕ್ರಮ ಕಂಡುಹಿಡಿದಿದ್ದರು. ಗಣಿ ನನಗೆ ಬೇಕು ಅಂತ ಇಬ್ಬರೂ ಪಟ್ಟು ಹಿಡಿದರು. ನಮ್ಮ ಹಳ್ಳಿಯಲ್ಲಿ ಅಣ್ಣತಮ್ಮಂದಿರು ಪಾಲಾಗುವಾಗ ಬಾವಿ ಯಾರಿಗೆ ಅನ್ನುವುದಕ್ಕೇ ಪೋಡಿ, ಅಂದರೆ ಪಾಲು ಅಳೆದು ಬೇರೆ ಮಾಡುವ ಕೆಲಸ, ನಿಂತುಹೋಗುತ್ತದಲ್ಲ, ಹಾಗೆ. ಬಾವಿಯನ್ನು ಇಬ್ಬರಿಗೂ ಜಂಟಿ ಅಂತ ಬಿಡುತ್ತಾರೆ. ಇವರು ಮಾಡಿದ್ದೂ ಅದನ್ನೇ. 1816ರ ಜೂನ್ 26ರಂದು ಆಖನ್‌ನಲ್ಲಿ ಒಪ್ಪಂದವಾಯಿತು. ಗಣಿ ಇರುವ ಸುಮಾರು 344 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ 850 ಎಕರೆ ಹತ್ತಿರ, ಯಾರೊಬ್ಬರಿಗೂ ಸೇರದೆ ಇಬ್ಬರ ಜಂಟಿ ನೆಲ ಅಂತ ಉಳಿಯಿತು. ಹೆಸರು ತಟಸ್ಥ ಮೊರೆಸ್ನೆಟ್. ಆ ನೆಲದ ಆಕಾರ ಮರ ಸೀಳುವ ಬೆಣೆಯ ಹಾಗಿತ್ತು. ದಕ್ಷಿಣದಲ್ಲಿ ಆಖನ್–ಲಿಯೇಜ್ ರಸ್ತೆಯೇ ಬುಡ. ಉತ್ತರದಲ್ಲಿ ಚೂಪು ಮೊನೆ. ಆ ಮೊನೆ ಬಂದು ಚುಚ್ಚಿ ನಿಂತಿದ್ದು ಇದೇ ವಾಲ್ಸರ್‌ಬೆರ್ಗ್ ನೆತ್ತಿಯಲ್ಲಿ.

1830ರಲ್ಲಿ ಬೆಲ್ಜಿಯಂ ಬೇರೆಯಾಯಿತು. 1839ರ ಲಂಡನ್ ಒಪ್ಪಂದದ ಮೇಲೆ ಗೆರೆ ಗಟ್ಟಿಯಾಯಿತು. ಅಲ್ಲಿಂದ ಈ ಬೆಟ್ಟದ ಮೇಲೆ ನೆದರ್ಲ್ಯಾಂಡ್ಸ್, ಬೆಲ್ಜಿಯಂ, ಪ್ರಷ್ಯಾ, ತಟಸ್ಥ ಮೊರೆಸ್ನೆಟ್ ನಾಲ್ಕೂ ಒಂದೇ ಕಲ್ಲಿನಲ್ಲಿ ಕೂಡುತ್ತಿದ್ದವು. ರಸ್ತೆಗೆ ಆ ಹೆಸರು ಅದಕ್ಕೇ. 1816ರಲ್ಲಿ ಆ ತಟಸ್ಥ ನೆಲದಲ್ಲಿ ಇದ್ದವರು 256 ಜನ. ತೆರಿಗೆ ಕಡಿಮೆ, ಗಣಿಯಲ್ಲಿ ಕೆಲಸ, ಜನ ಬಂದು ಸೇರುತ್ತಾ ಹೋದರು. 1885ರಲ್ಲಿ ಅದಿರು ಮುಗಿಯಿತು. ಆದರೆ ನೆಲ ಮಾತ್ರ ಹಾಗೇ ಉಳಿಯಿತು. ಯಾವುದಕ್ಕೋಸ್ಕರ ಜಗಳವಾಡಿದರೋ ಆ ಬಾವಿಯೇ ಬತ್ತಿದ ಮೇಲೂ ಜಂಟಿ ಖಾತೆ ನಡೆಯಿತು ಅನ್ನಿ. 1908ರಲ್ಲಿ ಡಾಕ್ಟರ್ ವಿಲ್ಹೆಲ್ಮ್ ಮೊಲಿ ಅನ್ನುವ ಗಣಿಯ ವೈದ್ಯರು ಇದನ್ನು ಎಸ್ಪೆರಾಂಟೊ, ಅಂದರೆ ಎಲ್ಲ ದೇಶದವರಿಗೂ ಅಂತ ಹೊಸದಾಗಿ ಕಟ್ಟಿದ ಭಾಷೆಯ ದೇಶ ಮಾಡೋಣ ಅಂತ ಹೊರಟರು. ಅಮಿಕೇಯೊ ಅಂತ ಹೆಸರನ್ನೂ ಇಟ್ಟರು. ಸ್ನೇಹದ ಜಾಗ ಅಂತ ಅರ್ಥ. ಆಮೇಲೆ ಮೊದಲ ಮಹಾಯುದ್ಧ ಬಂತು. 1919ರ ವರ್ಸೇಲ್ಸ್ ಒಪ್ಪಂದದಲ್ಲಿ ಆ ನೆಲ ಬೆಲ್ಜಿಯಂಗೆ ಹೋಯಿತು. 1920ರ ಜನವರಿ 10ರಿಂದ ಜಾರಿ.

ಪಕ್ಕದ ಪ್ರಷ್ಯಾದ ಹೋಳೂ ಬೆಲ್ಜಿಯಂಗೇ ಸೇರಿದ್ದರಿಂದ ಬೆಲ್ಜಿಯಂ–ಜರ್ಮನಿ ಗಡಿ ಹಳೇ ಗೆರೆಯ ಮೇಲೆ ಕೂರಲಿಲ್ಲ. ಹೊಸದಾಗಿ ಬಂತು. ಅಂದರೆ ಬೇರೆ ಬೇರೆ ಕಾಲದ ಲೆಕ್ಕ ಹಿಡಿದರೆ ಈ ಒಂದು ಬಿಂದುವಿಗೆ ಐದು ಗೆರೆಗಳು ಬಂದು ಸೇರಿವೆ. ಸರ್ವೆ ಕೆಲಸ ಮಾಡಿದವರಿಗೆ ಇದು ಎಂಥ ಜಾಗ ಅಂತ ಬೇರೆ ಹೇಳಬೇಕಾ?

ಮೇಲೆ ಹೋದರೆ ಮೊದಲು ಕಾಣುವುದು ಕಾರು ನಿಲ್ಲಿಸುವ ಜಾಗ, ತಿಂಡಿ ಅಂಗಡಿ, ಮಕ್ಕಳ ಗಲಾಟೆ. ಆಮೇಲೆ ಕಲ್ಲು. ಎದೆಯೆತ್ತರದ್ದು ಅಂದುಕೊಳ್ಳಿ. ಸುತ್ತ ಜನ. ಸರದಿಯಲ್ಲಿ ಒಬ್ಬೊಬ್ಬರೇ ಹೋಗಿ ಕೈ ಇಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ. ನಾವೂ ತೆಗೆಸಿಕೊಂಡೆವು. ನಮ್ಮ ಮನೆಯವರು ಕಲ್ಲಿನ ಸುತ್ತ ಒಂದು ಸುತ್ತು ಬಂದು, "ಮೂರು ದೇಶ ಪ್ರದಕ್ಷಿಣೆ ಆಯ್ತು" ಅಂದರು. ಡಚ್ಚರ ಅತಿ ಎತ್ತರದ ಜಾಗ ಸರಿಯಾಗಿ ಇದೇ ಕಲ್ಲಲ್ಲ. ಸ್ವಲ್ಪ ಹೆಜ್ಜೆ ಆಚೆ ಡಚ್ ನೆಲದೊಳಗೆ ಅದಕ್ಕೆ ಬೇರೆ ಗುರುತು ಇದೆ. ಬಹಳ ಜನ ಅದನ್ನು ನೋಡದೇ ಹೋಗುತ್ತಾರೆ.

ಗೋಪುರಗಳು ಎರಡು. ಡಚ್ ಕಡೆ ವಿಲ್ಹೆಲ್ಮಿನಾ ಗೋಪುರ, 35 ಮೀಟರ್. ಈಗಿನದು 2011ರದ್ದು. ಲಿಫ್ಟ್ ಇದೆ, ಮೇಲೆ ಗಾಜಿನ ನೆಲ ಇದೆ. ಬೆಲ್ಜಿಯಂ ಕಡೆ ರಾಜ ಬೌದುವಾ ಹೆಸರಿನ ಗೋಪುರ, 50 ಮೀಟರ್. ನಾವು ಹತ್ತಿದ್ದು ಡಚ್ ಗೋಪುರ. ಮೊದಲ ದಿನ ಮೋಡ ಮುಚ್ಚಿಕೊಂಡು ಏನೂ ಕಾಣಲಿಲ್ಲ. ಬಿಸಿಲು ಬಂದ ದಿನ ಮತ್ತೆ ಹೋದೆವು. ಈ ಸಲ ಆಖನ್ ಪೂರ್ತಿ ಕಂಡಿತು. ಷಾರ್ಲೆಮೇನ್ ಚಕ್ರವರ್ತಿಯ ಕಾಲದ ದೊಡ್ಡ ಚರ್ಚು, ಅದಕ್ಕಿಂತ ಹತ್ತಿರದಲ್ಲಿ ಕೊಳವೆಗಳು ಹೊರಗೇ ಕಾಣುವ ದೈತ್ಯ ಆಸ್ಪತ್ರೆ. ಕೆಳಗೆ ಕಾಡು. ಕಾಡಿಗೆ ಗಡಿ ಗೊತ್ತಿಲ್ಲ. ಎಲೆಯ ಬಣ್ಣ ಮೂರು ಕಡೆಯೂ ಒಂದೇ. ಈ ಬೆಟ್ಟದ ಅಡಿಯಲ್ಲಿ ಸುರಂಗವೂ ಇದೆ. 1872ರಲ್ಲಿ ಶುರುವಾದ ಗೆಮ್ಮೆನಿಖ್ ಸುರಂಗ. ಬೆಲ್ಜಿಯಂನಿಂದ ಜರ್ಮನಿಗೆ ಗೂಡ್ಸ್ ರೈಲುಗಳು ಅದರೊಳಗೆ ಹೋಗುತ್ತವೆ. ನನ್ನ ಸಲಹೆ ಇಷ್ಟು: ಬೆಳಿಗ್ಗೆ ಎದ್ದಾಗ ಆಕಾಶ ನೋಡಿ. ತಿಳಿಯಾಗಿದ್ದರೆ ಮಾತ್ರ ಗೋಪುರದ ಟಿಕೆಟ್ ತಗೊಳ್ಳಿ.

ತಿನ್ನುವ ವಿಷಯದಲ್ಲಿ ನಮ್ಮಂಥ ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ. ಒಂದು ಕಡೆ ತರಕಾರಿ ಸೂಪ್ ಅಂತ ಪಟ್ಟಿಯಲ್ಲಿ ಓದಿ ತರಿಸಿದೆವು. ಚಮಚ ಹಾಕಿದರೆ ತಳದಲ್ಲಿ ಗೋಲಿ ಗಾತ್ರದ ಮಾಂಸದ ಉಂಡೆಗಳು. ಡಚ್ಚರ ತರಕಾರಿ ಸೂಪಿಗೆ ಅದನ್ನು ಹಾಕುವುದು ವಾಡಿಕೆ ಅಂತ ಮಗಳು ಆಮೇಲೆ ಹೇಳಿದಳು. ಮನೆಯವರು ಆ ದಿನ ಬೇರೇನೂ ತಿನ್ನಲಿಲ್ಲ. ಬೇಸರವಾಯಿತು. ತರಿಸುವ ಮುಂಚೆ ಮಾಂಸ ಇದೆಯಾ ಅಂತ ಬಾಯಿಬಿಟ್ಟು ಕೇಳಿ.

ಅದರ ಬದಲು ಊರಿನ ಬೇಕರಿಯಲ್ಲಿ ವ್ಲಾಯ್ ತಗೊಳ್ಳಿ. ಲಿಂಬರ್ಗ್‌ನ ಹೆಸರುವಾಸಿ ತಿನಿಸು. ಅಗಲವಾದ ತಟ್ಟೆಯಂಥ ಹಿಟ್ಟಿನ ತಳ, ಮೇಲೆ ಹಣ್ಣು. ಅದರಲ್ಲೇ ಒಂದು ಬಗೆ ಅಕ್ಕಿಯದು. ಹಾಲಿನಲ್ಲಿ ಅಕ್ಕಿ ಬೇಯಿಸಿ ಸಕ್ಕರೆ ಹಾಕಿ ಗಟ್ಟಿ ಮಾಡಿ, ಆ ತಟ್ಟೆಗೆ ತುಂಬಿ ಒಲೆಯಲ್ಲಿ ಸುಡುತ್ತಾರೆ. ಮೇಲ್ಭಾಗ ಕಂದು ಬಣ್ಣ. ಕತ್ತರಿಸಿದರೆ ಒಳಗೆ ಅಕ್ಕಿಯ ಕಾಳು ಒಂದೊಂದೂ ಕಾಣುತ್ತದೆ. ಬಾಯಿಗೆ ಇಟ್ಟರೆ ಮರುದಿನದ ಗಟ್ಟಿ ಅನ್ನದ ಪಾಯಸ, ಏಲಕ್ಕಿ ಇಲ್ಲ ಅಷ್ಟೇ. ಇದಕ್ಕೆ ಮೊಟ್ಟೆ ಹಾಕುತ್ತಾರೆ, ತಿನ್ನದವರು ನೆನಪಿಟ್ಟುಕೊಳ್ಳಿ. ನಾನು ಮೂರು ವಾರದಲ್ಲಿ ಎಷ್ಟು ತುಂಡು ತಿಂದೆನೋ ಲೆಕ್ಕ ಇಟ್ಟಿಲ್ಲ.

ಇನ್ನು ಕಾಡಿನ ದಾರಿ. ಇದೇ ನಾನು ನಾಲ್ಕೂವರೆ ಕೊಟ್ಟದ್ದಕ್ಕೆ ಕಾರಣ. ಮುಖ್ಯ ಕಲ್ಲಿನ ಗಲಾಟೆ ಬಿಟ್ಟು ಗಡಿಯ ಗುಂಟ ಸ್ವಲ್ಪ ದೂರ ನಡೆದರೆ ಸದ್ದೆಲ್ಲ ನಿಲ್ಲುತ್ತದೆ. ಬೀಚ್ ಮರಗಳು, ಕಾಲಡಿ ಕಳೆದ ವರ್ಷದ ಎಲೆ. ನೆದರ್ಲ್ಯಾಂಡ್ಸ್–ಬೆಲ್ಜಿಯಂ ಗಡಿಗೆ 1843ರಲ್ಲಿ ಮಾಸ್ಟ್ರಿಕ್ಟ್‌ನಲ್ಲಿ ಕೊನೆಯ ಒಪ್ಪಂದವಾದ ಮೇಲೆ ಎರಕದ ಕಬ್ಬಿಣದ ಕಂಬಗಳನ್ನು ನೆಟ್ಟರು. ನಂಬರ್ 1 ಇಲ್ಲಿ, ವಾಲ್ಸ್‌ನಲ್ಲಿ. ಕೊನೆಯ ನಂಬರ್ 369, ದೇಶದ ಇನ್ನೊಂದು ತುದಿಯಲ್ಲಿ, ಸಮುದ್ರದ ದಂಡೆಯ ಜ್ವಿನ್ ಹತ್ತಿರ. ಕಂಬದ ಎರಡು ಮುಖಕ್ಕೆ ಎರಡು ರಾಜ್ಯದ ಲಾಂಛನ, ತಲೆಯ ಮೇಲೆ ಪೈನ್ ಕಾಯಿಯ ಆಕಾರ. ಬಣ್ಣ ಹೊಡೆದು ಇವತ್ತಿಗೂ ನೋಡಿಕೊಳ್ಳುತ್ತಿದ್ದಾರೆ.

ಮೊರೆಸ್ನೆಟ್‌ನ ಹಳೇ ಕಲ್ಲುಗಳು ಬೇರೆ. ಅವುಗಳಿಗೆ ಬಣ್ಣ ಇಲ್ಲ, ಲಾಂಛನ ಇಲ್ಲ. ಗಿಡ್ಡ ಕಲ್ಲು, ಮೇಲೆ ಪಾಚಿ. ಬೆಲ್ಜಿಯಂ ಕಡೆ ಇಳಿಯುವ ಕಾಡಿನಲ್ಲಿ ಅಂಥದ್ದೊಂದು ಸಿಕ್ಕಿತು. ನಾನು ಮಂಡಿಯೂರಿ ಕೂತು ಬುಡದ ಎಲೆ ಸರಿಸಿದೆ. ಕಲ್ಲು ಅಲ್ಲಾಡಿಸಿ ನೋಡುವುದು ನಮ್ಮ ಅಭ್ಯಾಸ. ಆಳಕ್ಕೆ ನೆಟ್ಟಿದ್ದಾರೋ ಇಲ್ಲವೋ ಗೊತ್ತಾಗುತ್ತದೆ. ಅಂಗೈ ಇಟ್ಟು ಒತ್ತಿದೆ. ಒಂದು ಕೂದಲೆಳೆಯಷ್ಟೂ ಕದಲಲಿಲ್ಲ. ಅಂಗೈಗೆ ಪಾಚಿಯ ತೇವ ಅಂಟಿತು, ಜೊತೆಗೆ ಒರಟು ಕಲ್ಲಿನ ಕಣ. ಯಾವ ದೇಶದ ಗಡಿಗೆ ಇದನ್ನು ನೆಟ್ಟರೋ ಆ ದೇಶವೇ ಇಲ್ಲ. ಈಗ ಇದರ ಈಚೆಯೂ ಬೆಲ್ಜಿಯಂ, ಆಚೆಯೂ ಬೆಲ್ಜಿಯಂ. ನಮ್ಮಲ್ಲಿ ಹಿಸ್ಸಾ, ಅಂದರೆ ಪಾಲಾದ ಹೊಲ, ಒಂದಾದ ಮರುದಿನವೇ ನಡುವಿನ ಕಲ್ಲು ಕಿತ್ತು ಎಸೆಯುತ್ತಾರೆ.

ಈ ಗಡಿ ಯಾವಾಗಲೂ ಇಷ್ಟು ಶಾಂತವಾಗಿರಲಿಲ್ಲ. ಅದನ್ನೂ ಹೇಳಬೇಕು. 1915ರಲ್ಲಿ ಬೆಲ್ಜಿಯಂ ಹಿಡಿದುಕೊಂಡಿದ್ದ ಜರ್ಮನ್ ಸೈನ್ಯ ಇದೇ ವಾಲ್ಸ್ ಹತ್ತಿರದಿಂದ ಸ್ಕೆಲ್ಡ್ ನದಿಯ ಕಡೆಯವರೆಗೂ ವಿದ್ಯುತ್ ತಂತಿ ಬೇಲಿ ಎಳೆಯಿತು. ಸುಮಾರು 2,000 ವೋಲ್ಟ್. ನೆದರ್ಲ್ಯಾಂಡ್ಸ್ ಯುದ್ಧದಲ್ಲಿ ಇರಲಿಲ್ಲ, ಹಾಗಾಗಿ ಜನ ಈ ಕಡೆಗೆ ದಾಟಿ ಓಡಿ ಬರಲು ನೋಡುತ್ತಿದ್ದರು. ವಿದ್ಯುತ್ ಅಂದರೆ ಏನು ಅಂತಲೇ ಬಹಳ ಹಳ್ಳಿಗರಿಗೆ ಗೊತ್ತಿಲ್ಲದ ಕಾಲ ಅದು. ನೂರಾರು ಜನ ಆ ತಂತಿಗೆ ಸಿಕ್ಕಿ ಸತ್ತರು. ಸಾವಿನ ತಂತಿ ಅಂತಲೇ ಅದರ ಹೆಸರು. ಎರಡನೇ ಯುದ್ಧಕ್ಕೆ ಮುಂಚೆ ಜರ್ಮನ್ನರು ಟ್ಯಾಂಕು ತಡೆಯಲು ಸಾಲು ಸಾಲು ಕಾಂಕ್ರೀಟ್ ಹಲ್ಲುಗಳನ್ನು ಆಖನ್ ಸುತ್ತಿನ ಹೊಲಗಳಲ್ಲಿ ನೆಟ್ಟರು. ಅವು ಇನ್ನೂ ಇವೆ. ಯುದ್ಧ ಮುಗಿದ ಮೇಲೆ ಈ ಕಾಡುಗಳಲ್ಲಿ ಕಾಫಿ ಕಳ್ಳಸಾಗಣೆ. ಜರ್ಮನಿಯಲ್ಲಿ ಕಾಫಿಗೆ ಒಂದು ಕೆಜಿಗೆ 10 ಮಾರ್ಕ್ ತೆರಿಗೆ ಇತ್ತು. 1953ರಲ್ಲಿ ಅದನ್ನು 4 ಮಾರ್ಕ್‌ಗೆ ಇಳಿಸಿದ ಮೇಲೆ ಕಳ್ಳಸಾಗಣೆ ಇಳಿಯಿತು. ಜರ್ಮನಿಯಲ್ಲಿ ಕಾಫಿ ತೆರಿಗೆ ಈಗಲೂ ಇದೆ. ವಾಲ್ಸ್‌ನ ಅಂಗಡಿಯಲ್ಲಿ ಜರ್ಮನ್ ಮಾತಾಡುವವರ ಗಾಡಿಯಲ್ಲಿ ನಾಲ್ಕು, ಐದು ಕಾಫಿ ಪೊಟ್ಟಣ ನೋಡಿ ನನಗೆ ಅದೇ ನೆನಪಾಯಿತು.

1995ರಲ್ಲಿ ಗಡಿ ತಪಾಸಣೆ ತೆಗೆಯುವ ಷೆಂಗನ್ ಒಪ್ಪಂದ ಜಾರಿಯಾದ ಮೇಲೆ ತಪಾಸಣೆ ಹೋಯಿತು. ಆದರೆ 2024ರಲ್ಲಿ ಜರ್ಮನಿಯೂ ನೆದರ್ಲ್ಯಾಂಡ್ಸೂ ತಮ್ಮ ಗಡಿಗಳಲ್ಲಿ ಮತ್ತೆ ತಪಾಸಣೆ ಶುರುಮಾಡಿದವು. ನಮ್ಮನ್ನು ಯಾರೂ ನಿಲ್ಲಿಸಲಿಲ್ಲ. ಆದರೂ ಪಾಸ್‌ಪೋರ್ಟ್ ಜೊತೆಯಲ್ಲೇ ಇರಲಿ.

ಬೆಟ್ಟ ಇಳಿದು ಊರಿನೊಳಗೆ ಒಂದು ಮಧ್ಯಾಹ್ನವಾದರೂ ಕಳೆಯಿರಿ. 1661ರಲ್ಲಿ ಸ್ಪೇನ್ ಮತ್ತು ಡಚ್ ಗಣರಾಜ್ಯ ಇಲ್ಲಿನ ಪ್ರದೇಶಗಳನ್ನು ಪಾಲು ಮಾಡಿಕೊಂಡಾಗ ವಾಲ್ಸ್ ಡಚ್ಚರ ಪಾಲಿಗೆ ಬಂತು. ಪಕ್ಕದ ಆಖನ್ ಕ್ಯಾಥೊಲಿಕ್ ನಗರ. ಅಲ್ಲಿನ ಪ್ರಾಟೆಸ್ಟೆಂಟರು ಅಲ್ಲಿ ಪ್ರಾರ್ಥನೆ ಮಾಡುವಂತಿರಲಿಲ್ಲ. ಹಾಗಾಗಿ ಭಾನುವಾರ ಗಡಿ ದಾಟಿ ಈ ಹಳ್ಳಿಗೆ ಬರುತ್ತಿದ್ದರು. ಅಷ್ಟು ಸಣ್ಣ ಊರಿನಲ್ಲಿ ಒಂದೊಂದು ಪಂಥಕ್ಕೂ ಒಂದೊಂದು ಚರ್ಚು ಎದ್ದಿತು. 1737ರ ಲೂಥರನ್ ಚರ್ಚು ಈಗ ಡಿ ಕೋಪರ್‌ಮೋಲನ್ ಅನ್ನುವ ಕಲಾಕೇಂದ್ರ. ಆಖನ್‌ನ ಬಟ್ಟೆ ವ್ಯಾಪಾರಿ ಯೋಹಾನ್ ಆರ್ನಾಲ್ಡ್ ಫಾನ್ ಕ್ಲೇರ್ಮೋಂಟ್ ಕೂಡ ಲೂಥರನ್. ಆಖನ್‌ನ ಕಸುಬಿನ ಸಂಘಗಳು ಹೆಚ್ಚು ಮಗ್ಗ ಇಡಲು ಬಿಡುತ್ತಿರಲಿಲ್ಲ. 1760ರ ದಶಕದಲ್ಲಿ ಇಡೀ ಕಾರ್ಖಾನೆಯನ್ನೇ ವಾಲ್ಸ್‌ಗೆ ತಂದರು. ಇಲ್ಲಿ ನಿರ್ಬಂಧ ಇರಲಿಲ್ಲ, ಉಣ್ಣೆ ತೊಳೆಯಲು ತೊರೆಯ ನೀರು ಇತ್ತು. ಅವರು ಕಟ್ಟಿಸಿದ ದೊಡ್ಡ ಕಟ್ಟಡ ಇವತ್ತಿಗೂ ಊರಿನ ನಡುವೆ ಇದೆ. ಅವರ ಧ್ಯೇಯವಾಕ್ಯ ಲ್ಯಾಟಿನ್‌ನಲ್ಲಿ: ಸ್ಪೆರೋ ಇನ್ವಿಡಿಯಮ್. ನನ್ನನ್ನು ನೋಡಿ ಹೊಟ್ಟೆ ಉರಿದುಕೊಳ್ಳಲಿ ಅಂತ ಆಸೆ, ಅನ್ನುವ ಅರ್ಥ. ಗಡಿ ದಾಟಿ ಬಂದು ಗೆದ್ದ ಮನುಷ್ಯನ ಮಾತು ಅದು.

ಒಂದು ಲೆಕ್ಕ ಹಾಕಿ ನೋಡಿದೆ. 1790ರಲ್ಲಿ ವಾಲ್ಸ್‌ನಲ್ಲಿ ಹುಟ್ಟಿದವನು ಡಚ್ ಗಣರಾಜ್ಯದ ಪ್ರಜೆ. ಐದು ವರ್ಷಕ್ಕೆ ಫ್ರೆಂಚರ ಆಳ್ವಿಕೆ. ಇಪ್ಪತ್ತೈದಕ್ಕೆ ನೆದರ್ಲ್ಯಾಂಡ್ಸ್ ರಾಜನ ಪ್ರಜೆ. ನಲವತ್ತಕ್ಕೆ ಬೆಲ್ಜಿಯಂ. ನಲವತ್ತೊಂಬತ್ತಕ್ಕೆ ಮತ್ತೆ ನೆದರ್ಲ್ಯಾಂಡ್ಸ್, ಜೊತೆಗೆ ಲಿಂಬರ್ಗ್ ಜರ್ಮನ್ ಒಕ್ಕೂಟಕ್ಕೂ ಸೇರಿದ್ದು. ಮನೆ ಮಾತ್ರ ಅದೇ ಮನೆ, ಹಿತ್ತಲು ಅದೇ ಹಿತ್ತಲು.

ಇನ್ನೊಂದು ದಿನ ಇದ್ದರೆ ಲೆಮೀರ್ಸ್ ಕಡೆ ಹೋಗಿ. ಅಲ್ಲಿ ಒಂದು ಸಣ್ಣ ತೊರೆಯೇ ಗಡಿ. ಈ ದಡ ನೆದರ್ಲ್ಯಾಂಡ್ಸ್, ಆ ದಡ ಜರ್ಮನಿ. ಹಳ್ಳ ಗಡಿಯಾದರೆ ಎಷ್ಟು ಕಷ್ಟ ಅಂತ ನನಗೆ ಗೊತ್ತು. ಮಳೆ ಜೋರಾದ ವರ್ಷ ಹಳ್ಳ ಪಾತ್ರ ಬದಲಿಸುತ್ತದೆ, ಒಬ್ಬನ ಎರಡು ಗುಂಟೆ ಇನ್ನೊಬ್ಬನ ಕಡೆಗೆ ಹೋಗುತ್ತದೆ. ಇಲ್ಲಿ ದಡದಲ್ಲಿ ಬಾತುಕೋಳಿಗಳು ಆ ಕಡೆ ಈ ಕಡೆ ಓಡಾಡುತ್ತಿದ್ದವು.

ಹತ್ತಿರದಲ್ಲೇ ಮಾಮೆಲಿಸ್ ಗುಡ್ಡದ ಮೇಲೆ ಬೆನೆಡಿಕ್ಟೈನ್ ಸನ್ಯಾಸಿಗಳ ಮಠ. ಅದರ ಚರ್ಚನ್ನು ವಿನ್ಯಾಸ ಮಾಡಿದ್ದು ಅಲ್ಲಿನ ಸನ್ಯಾಸಿಯೇ ಆಗಿದ್ದ ಹಾನ್ಸ್ ವಾನ್ ಡರ್ ಲಾನ್. 1968ರಲ್ಲಿ ಪೂರ್ತಿಯಾಯಿತು. ಚಿತ್ರ ಇಲ್ಲ, ಕೆತ್ತನೆ ಇಲ್ಲ. ಬೂದು ಬಣ್ಣದ ಗೋಡೆ, ಕಂಬ, ಎತ್ತರದ ಕಿಟಕಿಯಿಂದ ಇಳಿಯುವ ಬೆಳಕು. ಅವರು ಜೀವಮಾನವಿಡೀ ಅಳತೆಯ ಬಗ್ಗೆಯೇ ಯೋಚಿಸಿದವರು. ಯಾವ ಅಳತೆಗೂ ಯಾವ ಅಳತೆಗೂ ಎಷ್ಟು ಅಂತರ ಇದ್ದರೆ ಕಣ್ಣಿಗೆ ಬೇರೆ ಅಂತ ಗೊತ್ತಾಗುತ್ತದೆ, ಅದರ ಮೇಲೆ ಇಡೀ ಕಟ್ಟಡ ನಿಂತಿದೆ. ಸನ್ಯಾಸಿಗಳು ಗ್ರೆಗೋರಿಯನ್ ಧಾಟಿಯಲ್ಲಿ ಹಾಡುವಾಗ ನಾವು ಹಿಂದಿನ ಬೆಂಚಿನಲ್ಲಿ ಕೂತಿದ್ದೆವು. ಮನೆಯವರು ಕಣ್ಣು ಮುಚ್ಚಿದ್ದರು. ನಾನು ಕಂಬದಿಂದ ಕಂಬಕ್ಕೆ ಕಣ್ಣಲ್ಲೇ ಸರಪಳಿ ಹಿಡಿಯುತ್ತಿದ್ದೆ. ಡ್ರೀಲಾಂಡನ್‌ಪುಂಟ್ ಬಿಟ್ಟರೂ ಪರವಾಗಿಲ್ಲ, ಇದನ್ನು ಬಿಡಬೇಡಿ.

ಅರ್ಧ ಅಂಕ ಕಡಿಮೆ ಮಾಡಿದ್ದು ಬೆಟ್ಟದ ತುದಿಯ ಜನಜಂಗುಳಿಗೆ. ಬಿಸಿಲಿನ ಭಾನುವಾರ ಆ ಕಲ್ಲಿನ ಹತ್ತಿರ ಸಮಾಧಾನವಾಗಿ ಒಂದು ನಿಮಿಷ ನಿಲ್ಲುವುದೂ ಕಷ್ಟ. ವಾರದ ಮಧ್ಯೆ, ಬೆಳಿಗ್ಗೆ ಹೋಗಿ. ಕಾಡಿನಲ್ಲಿ ನಡೆಯುವುದಾದರೆ ಚಪ್ಪಲಿ ಬೇಡ, ಹಿಡಿತ ಇರುವ ಶೂ ಹಾಕಿಕೊಳ್ಳಿ. ಮೇ ತಿಂಗಳಲ್ಲೂ ಕೆಸರು ಇತ್ತು. ಕೆಲ್ಮಿಸ್ ಕಡೆಗೂ ಹೋಗುವವರು ನೆಲದ ಮೇಲೆ ಹಳದಿ ಬಣ್ಣದ ಸಣ್ಣ ಹೂವು ಹುಡುಕಿ. ಸತು ಬೆರೆತ ಮಣ್ಣಿನಲ್ಲೇ ಬೆಳೆಯುವ ಗಿಡ ಅದು. ಗಣಿ ಮುಚ್ಚಿದರೂ ಹೂವು ಜಾಗ ಬಿಟ್ಟು ಹೋಗಿಲ್ಲ. ಅಲ್ಲಿ ಗಣಿಯ ಬಗ್ಗೆ ಒಂದು ವಸ್ತುಸಂಗ್ರಹಾಲಯವೂ ಇದೆ.

ಪಾಚಿ ಹಿಡಿದ ಆ ಕಲ್ಲಿನ ಫೋಟೋವನ್ನು ನನ್ನ ಜೊತೆ ಇಪ್ಪತ್ತು ವರ್ಷ ಸರಪಳಿ ಹಿಡಿದಿದ್ದ ಬಾಂದು ಜವಾನರಿಗೆ ಕಳಿಸಿದೆ. ಅವರೂ ಈಗ ನಿವೃತ್ತರು. ಹತ್ತು ನಿಮಿಷಕ್ಕೆ ಉತ್ತರ ಬಂತು: "ಸಾರ್, ಅಷ್ಟು ಹಳೇ ಕಲ್ಲು ಅಂತೀರಿ, ನೆಟ್ಟಗೆ ನಿಂತಿದೆಯಲ್ಲಾ. ಒಬ್ಬರೂ ಕಿತ್ತಿಲ್ವಾ?"

ನೆಟ್ಟಿದ್ದು ಅರವತ್ತು, ಐವತ್ತಕ್ಕೂ ಜಾಸ್ತಿ ಇನ್ನೂ ಇವೆ ಅಂತ ಬರೆದೆ.